ಬೆಣ್ಣಿಹಳ್ಳದ ದಂಡೆಯಲ್ಲಿ ಭೀಮಾ ತೀರದ ಓದು

ನವಲಗುಂದ ತಾಲ್ಲೂಕಿನಲ್ಲಿ ಭೀಮಾ ನದಿ ಹರಿಯುವುದಿಲ್ಲ. ಇಲ್ಲಿರುವುದು ಬೆಣ್ಣಿಹಳ್ಳ, ತುಪ್ಪರಿಹಳ್ಳ. ಬೇಸಿಗೆಯಲ್ಲಿ ಬತ್ತಿ ಬಿದ್ದಿರುತ್ತವೆ, ಮಳೆ ಹಿಡಿದರೆ ಒಂದೇ ರಾತ್ರಿಯಲ್ಲಿ ಎರಿ ಹೊಲಗಳನ್ನು ನುಂಗುತ್ತವೆ. ಭೀಮೆ ಇರುವುದು ವಿಜಯಪುರ ಜಿಲ್ಲೆಯ ಆ ತುದಿಗೆ, ಇಂಡಿ, ಚಡಚಣದ ಕಡೆ. ಆದರೂ ಅಣ್ಣಿಗೇರಿಯ ಕಟಿಂಗ್ ಅಂಗಡಿಯಲ್ಲೋ ಕುಂದಗೋಳದ ಚಹಾದಂಗಡಿಯ ಕಟ್ಟೆಯ ಮೇಲೋ ಭೀಮಾ ತೀರದ ಹಂತಕ ಚಂದಪ್ಪ ಹರಿಜನನ ಹೆಸರು ತೆಗೆದು ನೋಡಿ. "ಅಂವ ಬಡವರ ತಂಟೇಕ ಹೋದಾಂವಲ್ರಿ" ಎಂದು ಒಬ್ಬರಾದರೂ ಶುರು ಮಾಡುತ್ತಾರೆ. ಹಾಗೆ ಹೇಳುವವರು ಚಂದಪ್ಪನನ್ನು ಕಂಡವರಲ್ಲ, ಅವನ ಊರಿಗೆ ಹೋದವರೂ ಅಲ್ಲ. ಓದಿದವರು. ಇಲ್ಲವೇ ಓದಿದವರ ಬಾಯಿಂದ ಕೇಳಿದವರು.

ಓದಿಸಿದ್ದು ರವಿ ಬೆಳಗೆರೆ. ಬಳ್ಳಾರಿಯವರು, 'ಕರ್ಮವೀರ'ದಲ್ಲಿ ದುಡಿದವರು, 1995ರಲ್ಲಿ 'ಹಾಯ್ ಬೆಂಗಳೂರ್' ತೆಗೆದರು. ಹೆಸರಿನಲ್ಲಿ ಬೆಂಗಳೂರು ಇದ್ದರೂ ಆ ಪತ್ರಿಕೆಗಾಗಿ ವಾರವಿಡೀ ಕಾಯುತ್ತಿದ್ದವರಲ್ಲಿ ನಮ್ಮ ಕಡೆಯವರು ಬಹಳ. ಕೊಳ್ಳುವವನು ಒಬ್ಬ, ಓದುವವರು ಹತ್ತು ಮಂದಿ. ಕೊನೆಗೆ ಅದು ಯಾರ ಮನೆಯ ಹಾಸಿಗೆಯ ಕೆಳಗೆ ಸೇರುತ್ತಿತ್ತೋ ಕೊಂಡವನಿಗೇ ಗೊತ್ತಿರುತ್ತಿರಲಿಲ್ಲ. ಹಿರಿಯರ ಎದುರು ಓದುವಂಥದ್ದಲ್ಲ ಎಂಬ ಅಂಜಿಕೆ ಬೇರೆ. ಅವರ 'ಪಾಪಿಗಳ ಲೋಕದಲ್ಲಿ' ಬೆಂಗಳೂರಿನ ರೌಡಿಗಳನ್ನು ನಮ್ಮ ಹಳ್ಳಿಗಳಿಗೆ ಕರೆತಂದರೆ, 'ಭೀಮಾ ತೀರದ ಹಂತಕರು' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಬರುವ ಬಿಸಿಲು, ಜಾಲಿಕಂಟಿ, ಜೋಳದ ಹೊಲ, ಜಾತಿಯ ಗಾಯ, ದಾಯಾದಿ ಜಗಳ ಎಲ್ಲವೂ ಇಲ್ಲಿಯ ಓದುಗನಿಗೆ ಗೊತ್ತಿದ್ದವೇ. ಬೆಂಗಳೂರಿನ ಲಾಂಗು, ಮಚ್ಚಿನ ಕಥೆ ಸಿನಿಮಾ ಇದ್ದ ಹಾಗೆ ದೂರದ್ದು. ಇದು ಬೀಗರೂರಿನ ಸುದ್ದಿ. ಬೆಳಗೆರೆ ಬರವಣಿಗೆಯಲ್ಲಿ ಕಾವಿತ್ತು. ಅನುಮಾನ ಮಾತ್ರ ಇರಲಿಲ್ಲ. ಯಾರು ಯಾಕೆ ಯಾರನ್ನು ಹೊಡೆದರು ಎಂಬುದು, ಹೊಡೆದವನ ಮನಸ್ಸಿನೊಳಗೆ ಆ ಗಳಿಗೆಯಲ್ಲಿ ಏನಿತ್ತು ಎಂಬುದೂ ಸೇರಿ, ಲೇಖಕನಿಗೆ ಪೂರ್ತಿ ಗೊತ್ತು ಎಂಬ ಧಾಟಿ ಅದು. ಓದುಗರಿಗೆ ಬೇಕಿದ್ದದ್ದೂ ಆ ಧಾಟಿಯೇ.

ಇದನ್ನು ಟ್ಯಾಬ್ಲಾಯ್ಡ್ ಕೆಡಿಸಿದ ಅಭಿರುಚಿ ಎಂದು ಮೂಗು ಮುರಿಯುವವರು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು. ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಶಾಸನಗಳನ್ನು ಓದುತ್ತಾ ನಮ್ಮ ಸೀಮೆ ತಿರುಗಿದವನು. 1880ರ ದಶಕದಲ್ಲಿ ಇಲ್ಲಿಯ ಲಾವಣಿಗಳನ್ನು 'ಇಂಡಿಯನ್ ಆ್ಯಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿ ಇದೆ, 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆನೆಂದ ಹಲಗಲಿಯ ಬೇಡರದ್ದಿದೆ, ಜೊತೆಗೆ ಬೈಲಹೊಂಗಲದ ಸಂಗ್ಯಾನ ಕೊಲೆಯ ಲಾವಣಿಯೂ ಇದೆ. ನಡೆದ ಕೊಲೆಯೊಂದು ಹಾಡಾಗಿ, ಹಾಡು ಸಣ್ಣಾಟವಾಗಿ, 'ಸಂಗ್ಯಾ ಬಾಳ್ಯಾ' ಇಂದಿಗೂ ಹಳ್ಳಿಗಳಲ್ಲಿ ಬೆಳತನಕ ನಡೆಯುತ್ತದೆ. ಪರರ ಹೆಂಡತಿಯ ಮೋಹಕ್ಕೆ ಬಿದ್ದ ಸಂಗ್ಯಾ ಮಾಡಿದ್ದು ತಪ್ಪು ಎಂದು ಎಲ್ಲರಿಗೂ ಗೊತ್ತು. ಆದರೂ ಅವನನ್ನು ಕೊಲ್ಲುವ ಹೊತ್ತಿಗೆ ಮುಂದೆ ಕೂತವರ ಕಣ್ಣು ಒದ್ದೆಯಾಗಿರುತ್ತದೆ. ಅಪರಾಧಿಯ ಮೇಲೆ ಮರುಕಪಡುವುದು ನಮ್ಮಲ್ಲಿ ಹೊಸದಲ್ಲ.

ಹಾಗೆಂದು ಆಗಿನ ಕೇಳುಗ ದಡ್ಡನೇನಲ್ಲ. ಫ್ಲೀಟ್‌ನ ಪುಟಗಳಲ್ಲಿ ರಾಯಣ್ಣನೂ ಸಂಗ್ಯಾನೂ ಅಕ್ಕಪಕ್ಕ ಇದ್ದಾರೆ, ಆದರೆ ಜಗುಲಿಯ ಮೇಲೆ ಕೂತು ಕೇಳಿದವರು ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಲಿಲ್ಲ. ಸರ್ಕಾರದ ಕಡತದಲ್ಲಿ ಇಬ್ಬರೂ ಅಪರಾಧದ ಲೆಕ್ಕಕ್ಕೇ ಸೇರಿದ್ದರೂ ಒಬ್ಬನ ಹೆಸರನ್ನು ಮಗನಿಗೆ ಇಟ್ಟರು, ಇನ್ನೊಬ್ಬನನ್ನು ಆಟಕ್ಕೆ ಬಿಟ್ಟರು. ಈ ವಿವೇಕ ಪುಸ್ತಕದ ಓದಿಗೆ ಬಂದಾಗ ಎಲ್ಲಿ ಸಡಿಲವಾಯಿತು ಎಂಬುದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿರುವ ಪ್ರಶ್ನೆ.

ಒಂದು ಉತ್ತರ ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು' ಓದುವಾಗ ಹೊಳೆಯುತ್ತದೆ. ಇದು ಹೊರಗಿನವನು ಬರೆದದ್ದಲ್ಲ. 1986ರ ಕೊತ್ವಾಲ್ ರಾಮಚಂದ್ರನ ಕೊಲೆಯ ಒಳಗೇ ಇದ್ದವನ ಆತ್ಮಕಥೆ. ಕನ್ನಡದಲ್ಲಿ ಬಂದ ಇಂಥ ಪುಸ್ತಕಗಳಲ್ಲಿ ಇದನ್ನೇ ನಾನು ಮೇಲೆ ಇಡುತ್ತೇನೆ, ಯಾಕೆಂದರೆ ಹಿಂಸೆ ಎಷ್ಟು ಬೇಸರದ ಕೆಲಸ ಎಂಬುದು ಇದರಲ್ಲಿ ಗೊತ್ತಾಗುತ್ತದೆ: ಕಾಯುವುದು, ಹೆದರುವುದು, ಮತ್ತೆ ಕಾಯುವುದು. 2007ರಲ್ಲಿ ಇದು 'ಆ ದಿನಗಳು' ಎಂಬ ಸಿನಿಮಾ ಆಯಿತು. ಚಿತ್ರಕಥೆಯಲ್ಲಿ ಶ್ರೀಧರ್ ಜೊತೆ ಕೈ ಹಾಕಿದವರು ನಮ್ಮ ಧಾರವಾಡದ ಗಿರೀಶ ಕಾರ್ನಾಡರು. ಆದರೂ ನೋಡಿ, ಇಡೀ ಪುಸ್ತಕದಲ್ಲಿ 'ನಾನು' ಎಂದು ಮಾತಾಡುವವನು ಬದುಕಿ ಉಳಿದವನು. ಸತ್ತವನು ಅವನ ಕಣ್ಣಿಗೆ ಕಂಡಷ್ಟೇ. ಭೂಗತ ಲೋಕದ ಪುಸ್ತಕಗಳ ಹಣೆಬರಹವೇ ಇದು. ಮಾತಾಡಲು ಸಿಗುವವರು ಪೊಲೀಸರು ಮತ್ತು ಉಳಿದ ರೌಡಿಗಳು. ಇಬ್ಬರಿಗೂ ತಮ್ಮ ಕಥೆಯಲ್ಲಿ ಗೆಲ್ಲುವ ಆಸೆ.

ಇನ್ನೊಂದು ತೊಡಕು, ಇದು ಹೆಚ್ಚಿನದು: ಪುಸ್ತಕ ಮುಗಿಯುವ ಜಾಗ. ಅರೆಸ್ಟು ಅಥವಾ ಎನ್‌ಕೌಂಟರಿನಲ್ಲಿ ಕಥೆಗೆ ತೆರೆ ಬೀಳುತ್ತದೆ. ಪ್ರಕರಣಕ್ಕೆ ಬೀಳುವುದಿಲ್ಲ. 2017ರ ಅಕ್ಟೋಬರಿನಲ್ಲಿ ಧರ್ಮರಾಜ ಚಡಚಣ ಪೊಲೀಸ್ ಗುಂಡಿಗೆ ಸತ್ತಾಗ ಭೀಮಾ ತೀರದ ಒಂದು ಅಧ್ಯಾಯ ಮುಗಿಯಿತು ಎಂದು ಎಲ್ಲರೂ ಬರೆದರು. ಎಂಟು ತಿಂಗಳು ಕಳೆಯುವಷ್ಟರಲ್ಲಿ ಸಿಐಡಿ ಬೇರೆಯದೇ ಕಥೆ ಹೇಳಿತು: ಅದೇ ದಿನ ಅವನ ತಮ್ಮ ಗಂಗಾಧರನನ್ನು ಪೊಲೀಸರೇ ಹಿಡಿದು ಎದುರಾಳಿಗಳ ಕೈಗೆ ಕೊಟ್ಟರು, ಅವನು ಕೊಲೆಯಾದ ಎಂಬ ಆರೋಪ. ಸಬ್‌ಇನ್‌ಸ್ಪೆಕ್ಟರ್ ಒಬ್ಬರು, ಅವರ ಸಿಬ್ಬಂದಿ, ಎದುರಾಳಿ ಮನೆತನದ ಮುಖಂಡ ಬಂಧನಕ್ಕೊಳಗಾದರು. ಅಂದರೆ ಮೊದಲ ಕಥೆಯಲ್ಲಿ ಕಾನೂನಿನ ಕಡೆ ನಿಂತವರು ಎರಡನೆಯದರಲ್ಲಿ ಆರೋಪಿಗಳು. ಅಕ್ಟೋಬರಿನಲ್ಲೇ ಪುಸ್ತಕ ಬರೆದು ಮುಗಿಸಿದವನ ಗತಿ ಏನು?

ಈ ವ್ಯಂಗ್ಯ ಬೆಳಗೆರೆಯವರನ್ನೂ ಬಿಡಲಿಲ್ಲ. ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯ ತನಿಖೆಗಾರರು ಅಕ್ರಮ ನಾಡ ಪಿಸ್ತೂಲುಗಳ ಜಾಡು ಹಿಡಿದು ಹೊರಟಾಗ ಸಿಕ್ಕ ಸುಳಿವು ಬೆಳೆದು, 2017ರ ಡಿಸೆಂಬರಿನಲ್ಲಿ ಸಿಸಿಬಿ ಅವರನ್ನೇ ಬಂಧಿಸಿತು. ಹಳೆಯ ಸಹೋದ್ಯೋಗಿಯ ಕೊಲೆಗೆ ಭೀಮಾ ತೀರದವನೊಬ್ಬನಿಗೆ ಸುಪಾರಿ ಕೊಟ್ಟರು ಎಂಬುದು ಆರೋಪ. ಅವರು ನಿರಾಕರಿಸಿದರು, ಜಾಮೀನು ಸಿಕ್ಕಿತು, 2020ರ ನವೆಂಬರಿನಲ್ಲಿ ತೀರಿಕೊಂಡರು. ಅವರ ಅಭಿಮಾನಿಗಳು ಆಗ ಪೊಲೀಸರ ಒಂದು ಮಾತನ್ನೂ ನಂಬಲಿಲ್ಲ. ಒಳ್ಳೆಯದೇ. ಅದೇ ಅಭಿಮಾನಿಗಳು ಎರಡು ದಶಕ ಅವರ ಪುಸ್ತಕಗಳಲ್ಲಿದ್ದ ಪೊಲೀಸರ ಮಾತನ್ನು ಮರುಪ್ರಶ್ನೆ ಇಲ್ಲದೆ ನಂಬಿದ್ದರು ಎಂಬುದನ್ನೂ ಇಲ್ಲಿ ಸೇರಿಸಬೇಕು.

ರೌಡಿಗಳ ವಿಷಯದಲ್ಲಿ ಇಷ್ಟಾದರೆ, ಬಾಂಬಿನ ವಿಷಯದಲ್ಲಿ ಓದುಗನ ಹೊಣೆ ಇನ್ನೂ ಭಾರ. ಮುಂಬಯಿಯ 1993ರ ಸ್ಫೋಟಗಳ ಬಗ್ಗೆ ಹುಸೇನ್ ಝೈದಿ ಬರೆದ 'ಬ್ಲ್ಯಾಕ್ ಫ್ರೈಡೇ' ಸಿನಿಮಾ ಆದಾಗ ಬಾಂಬೆ ಹೈಕೋರ್ಟ್ ಬಿಡುಗಡೆಗೆ ತಡೆ ಕೊಟ್ಟಿತು. ವಿಚಾರಣೆ ಮುಗಿಯುವ ಮುನ್ನ ಪರದೆಯ ಮೇಲೆ ತೀರ್ಪು ಬರಬಾರದು ಎಂಬುದು ಆರೋಪಿಗಳ ತಕರಾರು. ಅದು ತೆರೆ ಕಂಡದ್ದು 2007ರಲ್ಲಿ. ಸಿನಿಮಾಗಳಿಗೆ ಹೀಗೆ ತಡೆ ತರುವುದು ನನಗೇನೂ ಇಷ್ಟದ ಸಂಗತಿಯಲ್ಲ. ಆದರೆ ಆ ತಕರಾರಿನಲ್ಲಿ ತಿರುಳಿತ್ತು ಎಂಬುದಕ್ಕೆ ಹುಬ್ಬಳ್ಳಿಯನ್ನೇ ನೋಡಬಹುದು.

2000ದ ಜುಲೈ 8ರಂದು ಹುಬ್ಬಳ್ಳಿಯ ಸೇಂಟ್ ಜಾನ್ ಲೂಥೆರನ್ ಚರ್ಚಿನಲ್ಲಿ ಬಾಂಬ್ ಸಿಡಿಯಿತು. ತಿಂಗಳ ಹಿಂದೆ ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಆಗಿತ್ತು, ಮರುದಿನ ಬೆಂಗಳೂರಿನ ಜಗಜೀವನರಾಮ್ ನಗರದ ಚರ್ಚಿನಲ್ಲಿ ಆಯಿತು. ಅವತ್ತೇ ಮಾಗಡಿ ರಸ್ತೆಯಲ್ಲಿ ವ್ಯಾನಿನೊಳಗೆ ಸಾಗಿಸುತ್ತಿದ್ದ ಬಾಂಬು ತಾನಾಗಿ ಸಿಡಿದು ಒಳಗಿದ್ದ ಇಬ್ಬರು ಸತ್ತರು. ಜಾಡು ಸಿಕ್ಕಿದ್ದೇ ಹಾಗೆ. ತಾನು ಚನ್ನಬಸವಣ್ಣನ ಅವತಾರವೆಂದು ಸಾರಿದ್ದ ಗುರುವೊಬ್ಬ ಕಟ್ಟಿದ ದೀನದಾರ್ ಅಂಜುಮನ್ ಎಂಬ ಪಂಥದ ಒಂದು ಗುಂಪು ಇದನ್ನು ಮಾಡಿತ್ತು. ವಿಶೇಷ ನ್ಯಾಯಾಲಯ 2008ರ ನವೆಂಬರಿನಲ್ಲಿ 23 ಮಂದಿಯನ್ನು ತಪ್ಪಿತಸ್ಥರೆಂದಿತು, 11 ಮಂದಿಗೆ ಮರಣದಂಡನೆ ಕೊಟ್ಟಿತು. ಮುಂದೆ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. ಚರ್ಚುಗಳಿಗೆ ಬಾಂಬಿಟ್ಟವರು ಯಾರಿರಬಹುದು ಎಂದು ಆ ಜುಲೈ ತಿಂಗಳ ಮೊದಲ ವಾರಗಳಲ್ಲಿ ಚಹಾದಂಗಡಿಗಳಲ್ಲಿ ನಡೆದ ಊಹೆಗಳಿಗೂ ಈ ತೀರ್ಪಿಗೂ ಸಂಬಂಧವೇ ಇರಲಿಲ್ಲ.

ಇನ್ನು 2008. ಹುಬ್ಬಳ್ಳಿಯ ವೈದ್ಯಕೀಯ ವಿದ್ಯಾರ್ಥಿಗಳೂ ಸೇರಿ ಹಲವರನ್ನು ನಿಷೇಧಿತ ಸಿಮಿ ಸಂಘಟನೆಯ ಸಂಚಿನ ಹೆಸರಿನಲ್ಲಿ ಹಿಡಿದದ್ದು ಮುಖಪುಟಗಳಲ್ಲಿ ವಾರಗಟ್ಟಲೆ ಬಂತು. ಮೇ 10ರಂದು ಹುಬ್ಬಳ್ಳಿ ಕೋರ್ಟಿನೊಳಗೇ ಬಾಂಬ್ ಸಿಡಿದಾಗ ಬೆರಳುಗಳು ಅದೇ ದಿಕ್ಕಿಗೆ ಹೋದವು. ಮುಂದಿನ ಜನವರಿಯಲ್ಲಿ ಪೊಲೀಸರು ಆ ಸ್ಫೋಟಕ್ಕೆ ಹಿಡಿದದ್ದು ಪೂರ್ತಿ ಬೇರೆ ಗುಂಪನ್ನು. ಸಂಚಿನ ಪ್ರಕರಣದ 17 ಆರೋಪಿಗಳನ್ನು 2015ರಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಖುಲಾಸೆ ಮಾಡಿತು. ಏಳು ವರ್ಷ! ಅಷ್ಟರೊಳಗೆ ಓದುಗ ಆ ಹೆಸರುಗಳನ್ನೇ ಮರೆತಿದ್ದ, ಹೆಸರಿಗೆ ಅಂಟಿದ ಆರೋಪವನ್ನು ಮಾತ್ರ ಮರೆತಿರಲಿಲ್ಲ.

ನವಲಗುಂದದ ಓದುಗನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ ಅನ್ನುವುದೇ ನನ್ನ ಮುಖ್ಯ ಮಾತು. ಪೊಲೀಸ್ ಕಾಗದದಲ್ಲಿ ತಾನೇ ಆರೋಪಿಯಾಗಿ ಬರೆಸಿಕೊಂಡ ಊರದು. ಮಲಪ್ರಭಾ ಕಾಲುವೆಯ ನೀರು ಹೊಲ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿಯ ನೋಟಿಸು ಮನೆ ಮುಟ್ಟಿದ ಕಾಲದಲ್ಲಿ, 1980ರ ಜುಲೈ 21ರಂದು, ನವಲಗುಂದದಲ್ಲೂ ನರಗುಂದದಲ್ಲೂ ಗೋಲಿಬಾರ್ ಆಯಿತು. ಇಲ್ಲಿ ಬಸಪ್ಪ ಲಕ್ಕುಂಡಿ, ಅಲ್ಲಿ ವೀರಪ್ಪ ಕಡ್ಲಿಕೊಪ್ಪ ಸತ್ತರು. ನರಗುಂದದಲ್ಲಿ ಪೊಲೀಸರ ಜೀವವೂ ಹೋಯಿತು. ಪ್ರಕರಣದ ಕಾಗದಗಳಲ್ಲಿ ದೊಂಬಿ, ಕೊಲೆ, ಆಸ್ತಿ ಹಾನಿ; ಊರಿನ ನಡುವೆ ವೀರಗಲ್ಲು, ಪ್ರತಿ ಜುಲೈಗೆ ಹಾರ. ಎರಡೂ ಒಂದೇ ದಿನದ ದಾಖಲೆಗಳು. ಆ ಪೊಲೀಸರ ಮನೆಯವರ ದಾಖಲೆ ಮಾತ್ರ ಎರಡೂ ಕಡೆ ಇಲ್ಲ ಎಂಬುದನ್ನು ನಮ್ಮವರು ಮಾತಾಡುವುದಿಲ್ಲ, ಮಾತಾಡಬೇಕು.

2016ರ ಜುಲೈ ಕೊನೆಯಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದ ಬೆನ್ನಲ್ಲೇ ನವಲಗುಂದದಲ್ಲಿ ಸರ್ಕಾರಿ ಕಚೇರಿಗಳಿಗೆ ಕಲ್ಲು, ಬೆಂಕಿ ಬಿತ್ತು. ಅದರ ಬೆನ್ನಿಗೇ ಪೊಲೀಸರು ಯಮನೂರಿಗೆ ನುಗ್ಗಿದರು. ಚಾಂಗದೇವ ಎಂದು ಹಿಂದೂಗಳು, ರಾಜಾಬಾಗಸವಾರ ಎಂದು ಮುಸಲ್ಮಾನರು ನಡೆದುಕೊಳ್ಳುವ ಜಾತ್ರೆಯ ಊರು ಅದು. ಮನೆಯೊಳಗಿದ್ದ ಹೆಂಗಸರು, ಮುದುಕರ ಮೇಲೂ ಲಾಠಿ ಬಿದ್ದದ್ದನ್ನು ರಾಜ್ಯವೆಲ್ಲ ಟಿವಿಯಲ್ಲಿ ಕಂಡಿತು. ಪೆಟ್ಟು ತಿಂದವರೇ ಎಫ್‌ಐಆರಿನಲ್ಲೂ ಇದ್ದರು. ಆ ಊರಿನ ಕಡೆಯವರೊಬ್ಬರು ಒಮ್ಮೆ ಹೇಳಿದ್ದು: "ಬರದದ್ದು ಓದೇನ್ರಿ. ಅದರಾಗ ನಮ್ಮ ಹೆಸರ ಒಂದ ಖರೇ ಇತ್ತು." ಈ ಅನುಭವ ಇದ್ದವನು ಭಯೋತ್ಪಾದನೆಯ ಪುಸ್ತಕ ಹಿಡಿದಾಗ ಪೊಲೀಸ್ ಹೇಳಿಕೆಯನ್ನು ತೀರ್ಪೆಂದು ಓದಲಾರ, ಓದಬಾರದು. ಆದರೆ ಆರೋಪಿ ಬೇರೆ ಜಾತಿಯವನೋ ಬೇರೆ ಧರ್ಮದವನೋ ಆದ ಕೂಡಲೇ ಯಮನೂರಿನ ನೆನಪು ಕೈಕೊಡುತ್ತದೆ. ಹಾಗೆ ಕೈಕೊಟ್ಟಲ್ಲಿ ಓದು ನಿಂತಿತು, ಬರೀ ಮಸಾಲೆ ಉಳಿಯಿತು.

ಅಣ್ಣಿಗೇರಿಯದೂ ಒಂದು ಪ್ರಸಂಗವಿದೆ, ಚಿಕ್ಕದು. 2010ರ ಆಗಸ್ಟಿನಲ್ಲಿ ಊರ ಚರಂಡಿ ತೋಡುವಾಗ ತಲೆಬುರುಡೆಗಳು ಸಿಕ್ಕವು. ಒಂದೆರಡಲ್ಲ, ನೂರಾರು, ಸಾಲಾಗಿ ಜೋಡಿಸಿಟ್ಟವು. ಪತ್ರಿಕೆಗಳಲ್ಲಿ, ಮಠಗಳಲ್ಲಿ, ಬಸ್ಸುಗಳಲ್ಲಿ ತಕ್ಷಣ ಕೊಲೆಗಾರರು ಸಿದ್ಧರಾದರು. ಅವರವರಿಗೆ ಆಗದ ರಾಜ, ಆಗದ ದಂಡು. ಇಂಗಾಲದ ಪರೀಕ್ಷೆ ಅವು ಸುಮಾರು ಆರುನೂರು ವರ್ಷ ಹಳೆಯವೆಂದು ಹೇಳಿತು. ಕೊಂದವರ ಹೆಸರನ್ನು ಹೇಳಲಿಲ್ಲ.

ಸಾಕ್ಷ್ಯ ತಾಳೆ ನೋಡುವುದನ್ನೇ ಬದುಕು ಮಾಡಿಕೊಂಡಿದ್ದವರೊಬ್ಬರು ಧಾರವಾಡದ ಕಲ್ಯಾಣನಗರದಲ್ಲಿದ್ದರು. ಶಾಸನದ ಒಂದು ಅಕ್ಷರಕ್ಕಾಗಿ ಊರೂರು ಅಲೆದ ಎಂ.ಎಂ. ಕಲಬುರ್ಗಿ. 2015ರ ಆಗಸ್ಟ್ 30ರ ಭಾನುವಾರ ಬೆಳಿಗ್ಗೆ ಮನೆ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಎರಡು ವರ್ಷದ ಬಳಿಕ, 2017ರ ಸೆಪ್ಟೆಂಬರ್ 5ರಂದು, ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಎರಡೂ ಕಡೆ ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು. ಕಲಬುರ್ಗಿಯವರ ಪತ್ನಿ ಉಮಾದೇವಿ ಸುಪ್ರೀಂ ಕೋರ್ಟಿನ ಕದ ತಟ್ಟಿದ ಮೇಲೆ, 2019ರಲ್ಲಿ ಈ ಪ್ರಕರಣವೂ ಗೌರಿ ಪ್ರಕರಣದ ಎಸ್‌ಐಟಿಗೇ ಹೋಯಿತು; ಅದೇ ವರ್ಷ ಆರು ಮಂದಿಯ ಮೇಲೆ ಆರೋಪಪಟ್ಟಿ ಬಂತು.

ಓದಿನ ಬಗ್ಗೆ ಬರೆಯುವವನಿಗೆ ಈ ಎರಡು ಪ್ರಕರಣಗಳು ಬೇರೆ ಕಾರಣಕ್ಕೂ ಮುಖ್ಯ. ಎಸ್‌ಐಟಿ ಪ್ರಕಾರ ಕಲಬುರ್ಗಿ ಗುರಿಯಾದದ್ದು 2014ರ ಜೂನ್‌ನಲ್ಲಿ ಬೆಂಗಳೂರಿನ ವಿಚಾರಸಂಕಿರಣದಲ್ಲಿ ಅವರು ಆಡಿದ ಮಾತಿಗೆ. ಅಲ್ಲಿ ಅವರು ಎತ್ತಿದ್ದು ಅನಂತಮೂರ್ತಿಯವರ ಪುಸ್ತಕದ ಒಂದು ಪ್ರಸಂಗ. ಇನ್ನು ಗೌರಿ ಪ್ರಕರಣದ ಆರೋಪಪಟ್ಟಿ, ಕೊಲ್ಲಬೇಕಾದ 'ದುರ್ಜನ'ರನ್ನು ಆರಿಸಲು ಗುಂಪು ಆಧಾರ ಮಾಡಿಕೊಂಡದ್ದು ಸನಾತನ ಸಂಸ್ಥೆ ಪ್ರಕಟಿಸಿದ 'ಕ್ಷಾತ್ರಧರ್ಮ ಸಾಧನೆ' ಎಂಬ ಪುಸ್ತಕವನ್ನು ಎನ್ನುತ್ತದೆ. ಸಂಸ್ಥೆ ತನಗೆ ಸಂಬಂಧವಿಲ್ಲ ಎಂದಿದೆ. ಸಿಕ್ಕ ಡೈರಿಯ ಪಟ್ಟಿಯಲ್ಲಿ ಮೊದಲ ಹೆಸರು ಗಿರೀಶ ಕಾರ್ನಾಡರದ್ದು ಎಂದು ಆಗ ವರದಿಯಾಯಿತು. ಭೂಗತ ಲೋಕದ ಚಿತ್ರಕಥೆ ಬರೆದವರೇ ಹತ್ತು ವರ್ಷದಲ್ಲಿ ಇಂಥ ಪಟ್ಟಿಯೊಳಗೆ! ಭೀಮಾ ತೀರದಲ್ಲಿ ಹೊಲಕ್ಕೆ, ಹಣಕ್ಕೆ, ಸೇಡಿಗೆ ಕೊಲೆ. ಇಲ್ಲಿ ಕೊಂದವರಿಗೆ ಸತ್ತವರ ಮೇಲೆ ಖಾಸಗಿ ಹಗೆಯೇ ಇರಲಿಲ್ಲ, ಪರಿಚಯವೂ ಇರಲಿಲ್ಲ. ಆರೋಪಪಟ್ಟಿಯ ಮಾತು ನ್ಯಾಯಾಲಯದಲ್ಲಿ ನಿಂತರೆ, ಒಂದು ಪುಸ್ತಕ ಓದಿ ಇನ್ನೊಂದು ಪುಸ್ತಕ ಓದಿದವರನ್ನು ಕೊಂದ ಪ್ರಕರಣ ಇದು.

ಗೌರಿಯ ಬಗ್ಗೆ ಚಿದಾನಂದ ರಾಜಘಟ್ಟ 2018ರಲ್ಲಿ ಇಂಗ್ಲಿಷಿನಲ್ಲಿ ಬರೆದರು, 2024ರಲ್ಲಿ ಅಮೆರಿಕದ ರೋಲೊ ರೋಮಿಗ್ ಬರೆದರು. ಎರಡನೆಯದು ಪುಲಿಟ್ಜರ್ ಪ್ರಶಸ್ತಿಯ ಅಂತಿಮ ಸುತ್ತಿಗೂ ಹೋಯಿತು. ಭೀಮಾ ತೀರದಷ್ಟು ಸಲೀಸಾಗಿ ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಗುವ, ಕಲಬುರ್ಗಿ ಕೊಲೆ ಪ್ರಕರಣದ ಕನ್ನಡ ಪುಸ್ತಕವನ್ನು ನಾನಂತೂ ಕಂಡಿಲ್ಲ. ಟೋಕಿಯೊ ಸುರಂಗ ರೈಲಿನಲ್ಲಿ 1995ರಲ್ಲಿ ವಿಷಾನಿಲ ಬಿಟ್ಟಾಗ ಕಾದಂಬರಿಕಾರ ಹರುಕಿ ಮುರಕಾಮಿ ಮೊದಲು ಹುಡುಕಿಕೊಂಡು ಹೋದದ್ದು ಅದನ್ನು ಬಿಟ್ಟ ಪಂಥದವರನ್ನಲ್ಲ. ಅವತ್ತು ಆ ರೈಲು ಹತ್ತಿದ್ದವರನ್ನು, ಅವರ ಮನೆಯವರನ್ನು. ಅದು 'ಅಂಡರ್‌ಗ್ರೌಂಡ್' ಆಯಿತು. ಹುಬ್ಬಳ್ಳಿಯ ಆ ಚರ್ಚಿನ ಬಳಿ ಅವತ್ತು ಇದ್ದವರು, 2008ರಲ್ಲಿ ಬಂಧನವಾಗಿ 2015ರಲ್ಲಿ ಮನೆಗೆ ಬಂದವರು, ನರಗುಂದದ ಪೊಲೀಸರ ಮಕ್ಕಳು, ಗಂಗಾಧರ ಚಡಚಣನ ಮನೆಯವರು ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರೆ. ಕೇಳಿ ಬರೆಯುವ ಲೇಖಕ ಬೇಕು. ಅಂಥದ್ದನ್ನು ಕೊಳ್ಳುವ ಓದುಗನೂ ಬೇಕು ಅನ್ನಿ. ಪ್ರಕಾಶಕರನ್ನೇ ಬೈದರೆ ಆಗದು.

ಈಗ ಈ ಪುಸ್ತಕಗಳನ್ನು ಓದುವವರು ಯಾರು? ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳದೇ ರಾಜ್ಯ. ಬೆಳಗೆರೆ, ಶ್ರೀಧರ್ ಕೈಯಿಂದ ಕೈಗೆ ಹೋಗುತ್ತಾರೆ. ನಾನು ಕಂಡಂತೆ ಬಿಡದೆ ಓದುವವರು ಪಿಎಸ್‌ಐ, ಕಾನ್‌ಸ್ಟೆಬಲ್ ಪರೀಕ್ಷೆಗೆ ಕೂತ ಹುಡುಗರು. ನವಲಗುಂದ, ಕಲಘಟಗಿ, ಕುಂದಗೋಳದಿಂದ ಬಂದು ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಸೇರಿ, ಒಂದು ಕೋಣೆಯಲ್ಲಿ ನಾಲ್ವರು ಇದ್ದು, ಬೆಳಗಿನ ಜಾವ ಓಡಿ, ರಾತ್ರಿ ಭೀಮಾ ತೀರ ಓದಿ ಮಲಗುವವರು. ನಾಳೆಯ ಎಫ್‌ಐಆರ್ ಬರೆಯುವವರು ಇವರೇ.

ಇವರನ್ನು ಮುಟ್ಟಿದ ಸಂಘಟಿತ ಅಪರಾಧ ಯಾವುದು ಎಂದು ಕೇಳಿದರೆ ಯಾರೂ ಮಚ್ಚಿನ ಮಾತು ತೆಗೆಯುವುದಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಬ್ಲೂಟೂತ್ ಇಟ್ಟು ಉತ್ತರ ಹೇಳಿದವರು, ಓಎಂಆರ್ ಹಾಳೆ ತಿದ್ದಿದವರು, ದುಡ್ಡು ಸಾಗಿಸಿದವರು ಎಂದು ಸಿಐಡಿ ಒಬ್ಬೊಬ್ಬರನ್ನೇ ಹಿಡಿಯುತ್ತಾ ಹೋಗಿ, 2022ರಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯವರನ್ನೇ ಬಂಧಿಸಿತು. ಪರೀಕ್ಷೆ ರದ್ದಾಗಿ ಮತ್ತೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟರಲ್ಲಿ ಎಷ್ಟೋ ಹುಡುಗರಿಗೆ ವಯಸ್ಸು ಮೀರಿತು, ಕೆಲವರು ಊರಿಗೆ ಮರಳಿ ಹೆಸರು ಬಿತ್ತಿದರು. ಇದರಲ್ಲಿ ರಕ್ತವಿಲ್ಲ, ಹಾಗಾಗಿ ಯಾರೂ ಇದರ ಮೇಲೆ ಬಿಸಿಬಿಸಿ ಪುಸ್ತಕ ಬರೆದಂತಿಲ್ಲ.

ಉಳಿದ ಹುಡುಗರು ಈಗ ಹೊಸ ಕಾನೂನು ಬಾಯಿಪಾಠ ಮಾಡುತ್ತಿದ್ದಾರೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 111ನೇ ಕಲಮು ಸಂಘಟಿತ ಅಪರಾಧ, 113ನೆಯದು ಭಯೋತ್ಪಾದಕ ಕೃತ್ಯ. ಸಪ್ತಾಪುರದ ಝೆರಾಕ್ಸ್ ಅಂಗಡಿಗಳಲ್ಲಿ ಇದರ ನೋಟ್ಸು ಸಿಗುತ್ತದೆ. ಅಲ್ಲಿ ಸರತಿಯಲ್ಲಿ ನಿಂತಿದ್ದ ಹುಡುಗನೊಬ್ಬನನ್ನು, ಭೀಮಾ ತೀರದ ಕೊಲೆಗಳಿಗೆ ಈ 111 ಬೀಳುತ್ತಿತ್ತೇ ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ ಹೇಳಿದ: "ಗ್ಯಾಂಗ್ ಅಂತ ಪ್ರೂಫ್ ಆಗ್ಬೇಕಲ್ರೀ ಸರ. ಹತ್ತ ವರ್ಷದಾಗ ಒಂದಕ್ಕಿಂತ ಹೆಚ್ಚ ಚಾರ್ಜ್‌ಶೀಟ್ ಇರಬೇಕು, ಕೋರ್ಟ್ ಅದನ್ನ ತಗೊಂಡಿರಬೇಕು. ಪುಸ್ತಕದಾಗ ಅದೆಲ್ಲಾ ಎಲ್ಲಿ ಬರದಿರ್ತಾರ್ರಿ?"